ಬೂದಿದಿಬ್ಬಗಳು: ನಾಲ್ಕು ಸಾವಿರ ವರ್ಷ ಹಿಂದೆ ಸುಟ್ಟ ಸಗಣಿ ಏನು ಹೇಳುತ್ತದೆ?

ಬಳ್ಳಾರಿಯಿಂದ ಹೊಸಪೇಟೆಯ ಕಡೆಗೆ ಸುಮಾರು 20 ಕಿಲೋಮೀಟರ್ ಸಾಗಿದರೆ ಕುಡತಿನಿ ಸಿಗುತ್ತದೆ. ಆ ಊರಿನ ಸನಿಹದಲ್ಲಿ ಒಂದು ದಿಬ್ಬವಿದೆ. ಸುತ್ತಲಿನ ಕಲ್ಲುಗುಡ್ಡಗಳ ಎದುರಿಗೆ ಅದು ಕಣ್ಣಿಗೆ ಬೀಳದಷ್ಟು ಸಣ್ಣದು. ಹತ್ತಿರ ಹೋದಾಗಲಷ್ಟೇ ಅದರಲ್ಲಿ ಬಂಡೆಯಿಲ್ಲ, ಮಣ್ಣೂ ಹೆಚ್ಚಿಲ್ಲ, ಇರುವುದೆಲ್ಲ ಬೂದಿ ಮತ್ತು ಕರಗಿ ಗಟ್ಟಿಯಾದ ಕಿಟ್ಟ ಎಂಬುದು ತಿಳಿಯುತ್ತದೆ. ಆ ಕಿಟ್ಟದ ಹಿಡಿಗಾತ್ರದ ತುಂಡೊಂದನ್ನು ಅಂಗೈಯಲ್ಲಿಟ್ಟುಕೊಂಡರೆ ಮೊದಲು ಅಚ್ಚರಿ ಹುಟ್ಟಿಸುವುದು ಅದರ ಹಗುರತನ. ಮುಟ್ಟಿದರೆ ಕಲ್ಲಿನಷ್ಟು ಗಡುಸು, ಎತ್ತಿದರೆ ಕಲ್ಲಿನ ತೂಕವಿಲ್ಲ. ಮೈತುಂಬ ಗುಳ್ಳೆಯೊಡೆದ ತೂತುಗಳು, ಮುರಿದ ಕಡೆ ಹಸಿರು ಬೆರೆತ ಬೂದುಬಣ್ಣದ ಗಾಜಿನ ಹೊಳಪು, ಅಲ್ಲಲ್ಲಿ ಬೆಲ್ಲದ ಪಾಕ ಹರಿದು ತಣಿದಂತೆ ಕಾಣುವ ಮಡಿಕೆಗಳು.

ಇಂಥ ದಿಬ್ಬಗಳು ಬಳ್ಳಾರಿ, ರಾಯಚೂರು, ಕೊಪ್ಪಳ, ಯಾದಗಿರಿ ಜಿಲ್ಲೆಗಳಲ್ಲೂ ಅವುಗಳಿಗೆ ಹೊಂದಿಕೊಂಡ ಆಂಧ್ರ, ತೆಲಂಗಾಣದ ಭಾಗಗಳಲ್ಲೂ ನೂರಕ್ಕಿಂತ ಹೆಚ್ಚು ಪತ್ತೆಯಾಗಿವೆ. ಕೆಲವು ಆಳೆತ್ತರವನ್ನೂ ಮುಟ್ಟುವುದಿಲ್ಲ. ಕುಡತಿನಿಯಂಥ ದೊಡ್ಡವು ಹತ್ತು ಮೀಟರಿನ ಹತ್ತಿರ ಬರುತ್ತವೆ. ಇವು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಸುತ್ತಲಿನ ಜನ ಹಿಂದೆಯೇ ಉತ್ತರ ಕಂಡುಕೊಂಡಿದ್ದರು. ಕುಡತಿನಿಯದು ಭೀಮ ಕೊಂದ ಹಿಡಿಂಬನನ್ನು ಸುಟ್ಟ ಬೂದಿ. ಹಂಪಿಯ ಬಳಿ ನಿಂಬಾಪುರದಲ್ಲಿರುವುದು ವಾಲಿಯ ಚಿತೆಯ ಬೂದಿ. ಈ ಕಥೆಗಳನ್ನು ಕಟ್ಟುಕಥೆಯೆಂದು ಬದಿಗೆ ಸರಿಸುವ ಮುನ್ನ ಒಂದು ಮಾತನ್ನು ಗಮನಿಸಬೇಕು: ಕಥೆ ಹೇಳಿದವರು ದಿಬ್ಬವನ್ನು ಗುಡ್ಡವೆಂದು ಭ್ರಮಿಸಲಿಲ್ಲ. ಇದು ಬೂದಿ, ಯಾರೋ ಬೇಕೆಂದೇ ಹಚ್ಚಿದ ಭಾರಿ ಬೆಂಕಿಯ ಬೂದಿ, ಒಳಗೆ ಮೂಳೆಗಳೂ ಇವೆ ಎಂಬಷ್ಟನ್ನು ಅವರು ಸರಿಯಾಗಿಯೇ ಗುರುತಿಸಿದ್ದರು.

ಲಿಖಿತ ವಿವರಣೆಗಳು ಅಷ್ಟು ನೇರವಾಗಿ ಸಾಗಲಿಲ್ಲ. ಮದರಾಸು ಸೇನೆಯ ಅಧಿಕಾರಿ ನ್ಯೂಬೋಲ್ಡ್ 1836ರಲ್ಲಿ ಈ ಕಿಟ್ಟದ ಬಗ್ಗೆ ಬರೆದಾಗ ಅದನ್ನು ಜ್ವಾಲಾಮುಖಿಯ ಉಗುಳಿನೊಂದಿಗೆ ಸೇರಿಸಿದ್ದ. ತೂತುಬಿದ್ದ ಹಗುರ ಗಾಜುಗಲ್ಲನ್ನು ಕಂಡ ಭೂವಿಜ್ಞಾನಿಗೆ ಮೊದಲು ಹೊಳೆಯುವ ವಿಚಾರವೇ ಅದು. ಆದರೆ ಬಳ್ಳಾರಿಯ ನೆಲ ಇನ್ನೂರೈವತ್ತು ಕೋಟಿ ವರ್ಷಗಳಿಗೂ ಹಳೆಯದಾದ ಗ್ರಾನೈಟ್ ಮತ್ತು ನೈಸ್ ಶಿಲೆಗಳದು. ಅಲ್ಲಿ ಇತ್ತೀಚೆಗೆ ಉರಿದ ಜ್ವಾಲಾಮುಖಿಯ ಸುಳಿವೇ ಇಲ್ಲ. ಉತ್ತರಕ್ಕಿರುವ ದಖನ್ನಿನ ಲಾವಾ ಪದರಗಳಿಗೆ ಸುಮಾರು 6.6 ಕೋಟಿ ವರ್ಷ ವಯಸ್ಸಾಗಿದೆ, ಅವುಗಳ ಸ್ವರೂಪವೂ ಬೇರೆ. ಕಬ್ಬಿಣ ಕರಗಿಸಿದ ಕಿಟ್ಟವಿರಬಹುದೇ ಎಂದರೆ, ಅಂಥ ಕಿಟ್ಟ ಕಬ್ಬಿಣದಂಶದಿಂದ ಭಾರವಾಗಿ, ಕಪ್ಪಾಗಿ ಇರುತ್ತದೆ, ಇದು ಹಗುರ. ಅದಕ್ಕಿಂತ ಮುಖ್ಯವಾಗಿ, ದಿಬ್ಬಗಳಲ್ಲಿ ಸಿಗುವುದು ನುಣುಪಾಗಿ ಉಜ್ಜಿದ ಕಲ್ಲಿನ ಕೊಡಲಿಗಳು, ಕೈಯಲ್ಲಿ ಮಾಡಿದ ಮಡಕೆಯ ಚೂರುಗಳು. ಅಂದರೆ ಇವು ಈ ಸೀಮೆಗೆ ಕಬ್ಬಿಣ ಬರುವುದಕ್ಕಿಂತ ಬಹಳ ಮುಂಚಿನ ನವಶಿಲಾಯುಗದವು. ವಿಜಯನಗರ ಕಾಲದ ಸಾಮೂಹಿಕ ದಹನದ ಗುರುತುಗಳಿರಬಹುದು ಎಂದು 1899ರಲ್ಲಿ ಇತಿಹಾಸಕಾರ ರಾಬರ್ಟ್ ಸೆವೆಲ್ ಮಂಡಿಸಿದ ಊಹೆಯೂ ಇದೇ ಕಾರಣಕ್ಕೆ ಬಿದ್ದುಹೋಯಿತು.

ಸರಿಯಾದ ಸುಳಿವು ಹಿಡಿದವರು ರಾಬರ್ಟ್ ಬ್ರೂಸ್ ಫುಟ್. 1863ರಲ್ಲಿ ಮದರಾಸಿನ ಬಳಿ ಪಲ್ಲಾವರಂನಲ್ಲಿ ಹಳೆಶಿಲಾಯುಗದ ಕೈಗೊಡಲಿಯನ್ನು ಗುರುತಿಸಿ ಭಾರತದ ಪ್ರಾಗಿತಿಹಾಸ ಅಧ್ಯಯನಕ್ಕೆ ನಾಂದಿ ಹಾಡಿದ ಭೂವಿಜ್ಞಾನಿ ಅವರು. ಬಳ್ಳಾರಿ ಸೀಮೆಯನ್ನು ವರ್ಷಗಟ್ಟಲೆ ಸುತ್ತಿದ ಫುಟ್, ಈ ಕಿಟ್ಟ ಸುಟ್ಟ ಸಗಣಿಯದು, ದಿಬ್ಬಗಳಿರುವ ಜಾಗ ಹಿಂದೆ ದನದ ದೊಡ್ಡಿಗಳಾಗಿದ್ದವು ಎಂದರು. ಆಫ್ರಿಕದ ದನಗಾಹಿಗಳು ಮುಳ್ಳುಬೇಲಿ ಕಟ್ಟಿ ದನ ಕೂಡುವ ಪದ್ಧತಿಯನ್ನು ಹೋಲಿಕೆಯಾಗಿ ಕೊಟ್ಟರು. ಸಗಣಿ ಕರಗಿ ಗಾಜಾಗುತ್ತದೆಯೇ ಎಂಬ ಸಂದೇಹ ಮಾತ್ರ ಬಹುಕಾಲ ಉಳಿಯಿತು.

ಈ ಸಂದೇಹ ನ್ಯಾಯವಾದದ್ದೇ. ಒಲೆಗೆ ಕುಳ್ಳು ಇಟ್ಟು ಅಡುಗೆ ಮಾಡಿದ ಯಾವ ಮನೆಯಲ್ಲೂ ಗಾಜು ಹುಟ್ಟಿದ್ದಿಲ್ಲ. ಉಳಿಯುವುದು ಪಾತ್ರೆ ಉಜ್ಜಲು ಬರುವ ಮೆತ್ತನೆಯ ಬೂದಿ. ಉತ್ತರವಿರುವುದು ದನ ತಿನ್ನುವ ಹುಲ್ಲಿನಲ್ಲಿ. ಹುಲ್ಲು ನೆಲದ ನೀರಿನೊಂದಿಗೆ ಸಿಲಿಕಾವನ್ನು ಹೀರಿ ತನ್ನ ಜೀವಕೋಶಗಳಲ್ಲಿ ಸೂಕ್ಷ್ಮ ಕಣಗಳಾಗಿ ತುಂಬಿಕೊಳ್ಳುತ್ತದೆ. ಹುಲ್ಲು ಕೊಯ್ಯುವಾಗ ಗರಿ ಬೆರಳನ್ನು ಸೀಳುವುದಕ್ಕೆ ಒಂದು ಕಾರಣ ಇದೇ. ಫೈಟೋಲಿತ್ ಎಂದು ಕರೆಯುವ ಈ ಕಣಗಳು ದನದ ಹೊಟ್ಟೆಯಲ್ಲಿ ಜೀರ್ಣವಾಗದೆ ಸಗಣಿಯಲ್ಲಿ ಹೊರಬರುತ್ತವೆ. ಶುದ್ಧ ಸಿಲಿಕಾ ಕರಗಲು 1700 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖ ಬೇಕು. ಆದರೆ ಸಗಣಿಯಲ್ಲಿ ಪೊಟ್ಯಾಸಿಯಂ, ಕ್ಯಾಲ್ಸಿಯಂ ಮುಂತಾದವೂ ಇವೆ. ಗಾಜು ತಯಾರಿಸುವವರು ಮರಳಿಗೆ ಕ್ಷಾರ ಬೆರೆಸಿ ಕರಗುವ ಬಿಂದುವನ್ನು ಇಳಿಸುವಂತೆ ಇವೂ ಸಿಲಿಕಾ ಕರಗುವ ಶಾಖವನ್ನು ಸಾವಿರ ಡಿಗ್ರಿಯ ಆಸುಪಾಸಿಗೆ ತರುತ್ತವೆ. ಒಲೆಯ ಸಣ್ಣ ಬೆಂಕಿ ಶಾಖವನ್ನೆಲ್ಲ ಗಾಳಿಗೆ ಬಿಟ್ಟುಕೊಡುವುದರಿಂದ ಅಲ್ಲಿ ಇದು ಆಗುವುದಿಲ್ಲ. ಒಣಗಿದ ತಿಪ್ಪೆಗೆ ಬೆಂಕಿ ತಗುಲಿದರೆ ಮೇಲೆ ಜ್ವಾಲೆ ಕಾಣದೆ ಒಳಗೊಳಗೇ ದಿನಗಟ್ಟಲೆ ಉರಿಯುವುದನ್ನು ಹಳ್ಳಿಯವರು ಬಲ್ಲರು. ಮೇಲಿನ ಬೂದಿಯೇ ಹೊದಿಕೆಯಾಗಿ ಶಾಖವನ್ನು ಹಿಡಿದಿಡುತ್ತದೆ. ಅಂಥ ರಾಶಿ ಮನೆಯೆತ್ತರವಿದ್ದು, ಒಳಕ್ಕೆ ಗಾಳಿ ಸಾಕಷ್ಟು ಎಳೆದುಕೊಂಡರೆ, ಒಡಲಿನ ಸಗಣಿ ಪಾಕವಾಗಿ ಹರಿಯುವುದರಲ್ಲಿ ಆಶ್ಚರ್ಯವಿಲ್ಲ. 1960ರ ಹೊತ್ತಿಗೆ ಪುರಾತತ್ವಜ್ಞ ಝಾಯ್ನರ್ ಅವರು ಪ್ರಯೋಗಾಲಯದ ಪರೀಕ್ಷೆಗಳಿಂದ ಕಿಟ್ಟದ ಮೂಲ ಸಗಣಿಯೇ ಎಂದು ತೋರಿಸಿದರು.

ಅದಕ್ಕೂ ಬಲವಾದ ಸಾಕ್ಷಿ ನೆಲದಲ್ಲೇ ಸಿಕ್ಕಿತ್ತು. ಈಗ ತೆಲಂಗಾಣಕ್ಕೆ ಸೇರಿರುವ ಉತ್ನೂರಿನ ದಿಬ್ಬವನ್ನು ಪುರಾತತ್ವಜ್ಞ ರೇಮಂಡ್ ಆಲ್ಚಿನ್ 1957ರಲ್ಲಿ ಅಗೆದಾಗ ಬೂದಿಯ ಕೆಳಗೆ ಮರದ ಕಂಬಗಳನ್ನು ಸಾಲಾಗಿ ನೆಟ್ಟ ಕುಳಿಗಳು ಕಂಡವು. ಅದು ನೂರಾರು ದನಗಳನ್ನು ಕೂಡಬಹುದಾದ ದೊಡ್ಡಿಯ ಸುತ್ತುಬೇಲಿ. ಬೇಲಿ ಸುಟ್ಟಿತ್ತು, ಅದೇ ಜಾಗದಲ್ಲಿ ಮತ್ತೆ ಕಟ್ಟಲಾಗಿತ್ತು, ಅದೂ ಸುಟ್ಟಿತ್ತು. ಹೀಗೆ ಒಂದಲ್ಲ, ಹಲವು ಸಲ. ಪದರಗಳ ನಡುವೆ ದನದ ಗೊರಸಿನ ಗುರುತುಗಳು ಅಚ್ಚೊತ್ತಿದಂತೆ ಉಳಿದಿದ್ದವು. ಒದ್ದೆ ನೆಲವನ್ನು ತುಳಿದುಹೋದ ದನಗಳ ಹೆಜ್ಜೆಯ ಮೇಲೆ ಬೂದಿ ಕವಿದು, ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷ ಆ ಸೀಳುಗೊರಸಿನ ಆಕಾರ ಅಳಿಯದೆ ನಿಂತಿತ್ತು. ಪ್ರಾಗಿತಿಹಾಸದಲ್ಲಿ ಒಂದು ದಿನದ ಘಟನೆ ಇಷ್ಟು ಹತ್ತಿರದಿಂದ ಕಾಣಸಿಗುವುದು ಅಪರೂಪ, ಈ ದಿಬ್ಬಗಳ ವಿಚಾರದಲ್ಲಿ ನನ್ನನ್ನು ಬಹುವಾಗಿ ಸೆಳೆದದ್ದೂ ಅದೇ.

ದಿಬ್ಬ ಏನು ಎಂಬುದು ಹೀಗೆ ಬಗೆಹರಿಯಿತು. ಏಕೆ ಸುಟ್ಟರು ಎಂಬುದು ಅದಕ್ಕಿಂತ ಕಠಿಣ, ನನ್ನ ದೃಷ್ಟಿಯಲ್ಲಿ ಹೆಚ್ಚು ಬೆಲೆಯುಳ್ಳ ಪ್ರಶ್ನೆಯೂ ಹೌದು. ನಮ್ಮ ರೈತರಿಗೆ ಸಗಣಿ ಗೊಬ್ಬರ, ಉರುವಲು, ನೆಲ ಸಾರಿಸುವ ಸಾಮಗ್ರಿ, ಸುಟ್ಟರೆ ವಿಭೂತಿ. ಹೀಗಿರುವಾಗ ಮನೆಯೆತ್ತರ ರಾಶಿಯಾಗುವಷ್ಟು ಸಗಣಿಯನ್ನು ಸುಮ್ಮನೆ ಸುಟ್ಟುಬಿಡುವುದೇ? ಬೇಲಿಗೆ ಆಕಸ್ಮಿಕವಾಗಿ ಬೆಂಕಿ ಬಿದ್ದಿರಬಹುದು, ಶತ್ರುಗಳು ದನ ಹೊಡೆದುಕೊಂಡು ಹೋಗುವಾಗ ಹಚ್ಚಿರಬಹುದು ಎಂಬ ವಿವರಣೆಗಳು ಒಂದೆರಡು ಪದರಗಳಿಗೆ ಒಪ್ಪಬಹುದು. ನೂರಾರು ಕಿಲೋಮೀಟರ್ ಹರಡಿದ ಸೀಮೆಯಲ್ಲಿ, ನೂರಾರು ವರ್ಷಗಳ ಕಾಲ, ಅದೇ ದಿಬ್ಬದ ಮೇಲೆ ಮರಳಿ ಮರಳಿ ಬಿದ್ದ ಬೆಂಕಿಗೆ ಒಪ್ಪುವುದಿಲ್ಲ. ನೊಣ, ಉಣ್ಣೆ, ರೋಗಗಳ ಕಾಟ ತಪ್ಪಿಸಲು ಸುಟ್ಟರು ಎಂಬ ವಾದ ಇದಕ್ಕಿಂತ ಗಟ್ಟಿ. ಆದರೆ ದೊಡ್ಡಿ ಶುಚಿಗೊಳಿಸಲು ಸಗಣಿಯನ್ನು ಎತ್ತರಕ್ಕೆ ಪೇರಿಸುವ ಅಗತ್ಯವಿಲ್ಲ, ಆಗಾಗ ಸಣ್ಣದಾಗಿ ಸುಟ್ಟರೆ ಸಾಕು. ಕಿಟ್ಟದ ಪದರಗಳು ಹೇಳುವುದು ಬೇರೆ: ಸಗಣಿಯನ್ನು ಬಹುಕಾಲ ಕೂಡಿಟ್ಟು, ನಿರ್ದಿಷ್ಟ ಸಂದರ್ಭದಲ್ಲಿ, ಬಹುದೂರದಿಂದ ಕಾಣುವಂಥ ಬೆಂಕಿ ಹಚ್ಚಿದ್ದಾರೆ.

ಆಲ್ಚಿನ್ ಇಲ್ಲಿ ಸಂಕ್ರಾಂತಿ, ಹೋಳಿಯಂಥ ಹಬ್ಬಗಳ ಬೆಂಕಿಯನ್ನು ನೆನಪಿಸಿದರು. ಹಳೆ ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಈ ಹೋಲಿಕೆ ಕೂಡಲೇ ಹಿಡಿಸುತ್ತದೆ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸ ನಾಯಕ ಸಮುದಾಯದವರು ದೇವರ ಎತ್ತುಗಳನ್ನು ದುಡಿಮೆಗೆ ಹಚ್ಚದೆ, ಕಿಲಾರಿಗಳೆಂಬ ದನಗಾಹಿಗಳ ಕೈಗೊಪ್ಪಿಸಿ, ರೊಪ್ಪಗಳೆಂಬ ದೊಡ್ಡಿಗಳಲ್ಲಿ ಸಾಕುವ ಪದ್ಧತಿಯೂ ನೆನಪಿಗೆ ಬರುತ್ತದೆ. ಹಾಗೆಂದು ಇಂದಿನ ಕಿಚ್ಚು ನಾಲ್ಕು ಸಾವಿರ ವರ್ಷ ಹಿಂದಿನ ಕಿಚ್ಚಿನ ನೇರ ಮುಂದುವರಿಕೆ ಎಂದು ಹೇಳುವುದು ಅವಸರವಾದೀತು. ನಡುವಣ ಕಾಲದ ಕೊಂಡಿಗಳು ನಮ್ಮ ಕೈಯಲ್ಲಿಲ್ಲ. ಈ ಹೋಲಿಕೆಗಳಿಂದ ಆಗುವ ನಿಜವಾದ ಉಪಕಾರವೆಂದರೆ, ದನ ಮತ್ತು ಬೆಂಕಿ ಸೇರಿದ ಆಚರಣೆಯನ್ನು ವ್ಯರ್ಥ ಖರ್ಚೆಂದು ಕಾಣದ ಬದುಕೊಂದು ಸಾಧ್ಯವೆಂಬುದು ನಮಗೆ ಹೊಳೆಯುತ್ತದೆ. ಇತ್ತೀಚಿನ ಕೆಲವು ವಿದ್ವಾಂಸರು ಒಂದು ಹೆಜ್ಜೆ ಮುಂದೆ ಹೋಗಿ, ದಿಬ್ಬವು ಉಳಿದುಹೋದ ಕಸವಲ್ಲ, ಬೇಕೆಂದೇ ಎತ್ತರಿಸಿದ ಸ್ಮಾರಕ ಎಂದಿದ್ದಾರೆ. ದೊಡ್ಡ ದಿಬ್ಬಗಳ ಮಟ್ಟಿಗೆ ನನಗೆ ಈ ಮಾತು ಒಪ್ಪಿಗೆ.

ಎಲ್ಲ ದಿಬ್ಬಗಳನ್ನೂ ಹಬ್ಬದ ಬಯಲೆಂದು ಭಾವಿಸದಂತೆ ತಡೆಯುವುದು ಬೂದಿಹಾಳದ ಉತ್ಖನನ. ಹೆಸರಿನಲ್ಲೇ ಬೂದಿಯಿರುವ, ಸುರಪುರ ಸೀಮೆಯ ಈ ನೆಲೆಯನ್ನು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ 1990ರ ದಶಕದಲ್ಲಿ ವಿಸ್ತಾರವಾಗಿ ಅಗೆದರು. ಹಿಂದಿನವರ ಗಮನವೆಲ್ಲ ದಿಬ್ಬದ ಒಡಲ ಮೇಲಿದ್ದರೆ ಪದ್ದಯ್ಯನವರು ದಿಬ್ಬದ ಅಕ್ಕಪಕ್ಕದ ನೆಲವನ್ನೂ ತೆರೆದರು, ಅಲ್ಲಿ ಒಂದು ಊರೇ ಇತ್ತು: ಮನೆಗಳ ನೆಲಗಟ್ಟು, ದನ ಕೂಡುತ್ತಿದ್ದ ಜಾಗ, ಚರ್ಟ್ ಎಂಬ ಗಡುಸು ಕಲ್ಲಿನಿಂದ ಅಲಗು ತೆಗೆಯುತ್ತಿದ್ದ ಕಮ್ಮಟ, ಮಕ್ಕಳನ್ನು ಹೂಳಿದ ಗುಳಿಗಳು, ಜೊತೆಗೆ ದನ ಕಡಿದು ಮಾಂಸ ಹಂಚುತ್ತಿದ್ದ, ಮೂಳೆ ಮತ್ತು ಕಲ್ಲಿನ ಅಲಗುಗಳು ಚೆಲ್ಲಿದ ಗಟ್ಟಿ ನೆಲ. ಅಂದರೆ ಜನ ದಿಬ್ಬದ ಪಕ್ಕದಲ್ಲೇ ಬಾಳಿದ್ದರು, ಅವರ ದಿನದ ಬದುಕು ಮತ್ತು ಅವರ ಬೆಂಕಿ ಬೇರೆಬೇರೆಯಾಗಿರಲಿಲ್ಲ.

ಬಳ್ಳಾರಿ ನಗರದ ಅಂಚಿನ ಸಂಗನಕಲ್ಲಿನಲ್ಲಿ ಕಥೆಯ ಮುಂದಿನ ಭಾಗವಿದೆ. ಅಲ್ಲಿನ ಸಣ್ಣರಾಚಮ್ಮ ಗುಡ್ಡದ ನೆತ್ತಿಯಲ್ಲಿ ಕೆಳಗಡೆ ಬೂದಿದಿಬ್ಬದ ಪದರ, ಅದರ ಮೇಲೆ ಸ್ಥಿರವಾಗಿ ನೆಲೆಸಿದ ಊರಿನ ಪದರಗಳು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮತ್ತು ಅವರ ಸಹೋದ್ಯೋಗಿಗಳು ಇಂಥ ನೆಲೆಗಳ ಮಣ್ಣನ್ನು ನೀರಿನಲ್ಲಿ ಕದಡಿ, ತೇಲಿಬಂದ ಸುಟ್ಟ ಕಾಳುಗಳನ್ನು ಆರಿಸಿ ಪರೀಕ್ಷಿಸಿದರು. ಸಿಕ್ಕಿದ್ದು ಹುರುಳಿ, ಹೆಸರು, ಕೊರಲೆ: ಇಂದಿಗೂ ಈ ಒಣಸೀಮೆಯ ಹೊಲದಲ್ಲಿ ಬೆಳೆಯುವ ಕಾಳುಗಳೇ. ಈ ಕಾಳುಗಳು ಕಾಲನಿರ್ಣಯಕ್ಕೂ ನೆರವಾದವು. ಮರದ ಇದ್ದಿಲಿನಲ್ಲಿ ಉಳಿದ ವಿಕಿರಣಶೀಲ ಇಂಗಾಲವನ್ನು ಅಳೆದು ಕಾಲ ಲೆಕ್ಕ ಹಾಕಿದರೆ ಮರ ಬದುಕಿದ್ದ ದೀರ್ಘ ಕಾಲವೂ ಲೆಕ್ಕಕ್ಕೆ ಸೇರಿ ಕಾಲ ಹಿಂದೆ ಸರಿಯಬಹುದು. ಕಾಳಾದರೋ ಒಂದೇ ವರ್ಷದ ಬೆಳೆ. ಇಂಥ ಅಳತೆಗಳಿಂದ ಬೂದಿದಿಬ್ಬಗಳ ಸಂಪ್ರದಾಯ ಕ್ರಿ.ಪೂ. ಮೂರನೆಯ ಸಹಸ್ರಮಾನದಲ್ಲಿ ಬೆಳೆದು, ಎರಡನೆಯ ಸಹಸ್ರಮಾನದ ಮೊದಲ ಶತಮಾನಗಳಲ್ಲಿ ಹಿಂದೆ ಸರಿದು, ಆ ಜಾಗಕ್ಕೆ ಬೇಸಾಯದ ಊರುಗಳು ಬಂದ ಚಿತ್ರ ಮೂಡುತ್ತದೆ. ಬೇಸಾಯ ನೆಲೆಯೂರಿದಂತೆ ಸಗಣಿ ಹೊಲದ ದಾರಿ ಹಿಡಿದದ್ದರಿಂದಲೇ ದಿಬ್ಬ ಸುಡುವುದು ನಿಂತಿತೇ ಎಂದು ಕೇಳಿಕೊಳ್ಳಲು ಈ ಕಾಲಕ್ರಮ ಆಸ್ಪದ ಕೊಡುತ್ತದೆ.

ಇದಕ್ಕೆ ಉತ್ತರ ಹುಡುಕಲು ಬೇಕಾದ ಸುಳಿವುಗಳು ಪದರಗಳೊಳಗೇ ಇರಬಹುದು. ಎಲ್ಲ ಸಗಣಿಯೂ ಕರಗಿಲ್ಲ. ಕಿಟ್ಟದ ನಡುನಡುವೆ ಅರೆಬೆಂದ, ಸುಡದೆ ಉಳಿದ ಸಗಣಿಯ ಪಟ್ಟಿಗಳಿವೆ. ಅಂಥ ಪಟ್ಟಿಯೊಂದನ್ನು ಕದಲದಂತೆ ಇಡಿಯಾಗಿ ಕತ್ತರಿಸಿ, ರಾಳದಲ್ಲಿ ನೆನೆಸಿ ಗಟ್ಟಿಮಾಡಿ, ಬೆಳಕು ಹಾಯುವಷ್ಟು ತೆಳ್ಳಗೆ ಸವೆಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ದನಗಳು ತುಳಿದು ಚಪ್ಪಟೆಯಾದ ಹುಲ್ಲಿನೆಳೆ ಮತ್ತು ಗುಡಿಸಿ ರಾಶಿಹಾಕಿದ ಸಗಣಿ ಬೇರೆಬೇರೆಯಾಗಿ ಗುರುತಿಗೆ ಬರುತ್ತವೆ. ಮೆಲುಕು ಹಾಕುವ ಪ್ರಾಣಿಗಳ ಕರುಳಿನಲ್ಲಿ ಹುಟ್ಟುವ ಸ್ಫೆರುಲೈಟ್ ಎಂಬ ಸುಣ್ಣದ ಸೂಕ್ಷ್ಮ ಗೋಲಿಗಳು ಸುಮಾರು 700 ಡಿಗ್ರಿ ದಾಟಿದರೆ ಅಳಿದುಹೋಗುವುದರಿಂದ, ಅವು ಉಳಿದ ಪದರ ಎಷ್ಟು ಬಿಸಿಯಾಗಿತ್ತು ಎಂಬುದಕ್ಕೂ ಮಿತಿ ಸಿಗುತ್ತದೆ. ಹುಲ್ಲು ತೆನೆಗಟ್ಟಿದಾಗಿನ ಫೈಟೋಲಿತ್‌ಗಳು ಗರಿಯದಕ್ಕಿಂತ ಭಿನ್ನ. ಆದ್ದರಿಂದ ದನ ಆ ದೊಡ್ಡಿಯಲ್ಲಿದ್ದದ್ದು ಮಳೆಗಾಲದಲ್ಲೋ, ಸುಗ್ಗಿಯ ನಂತರವೋ ಎಂಬುದನ್ನೂ ಅಂದಾಜಿಸಬಹುದು.

ಇದೆಲ್ಲಕ್ಕೂ ಪದರಗಳು ಕದಲದೆ ಇರಬೇಕು. ದಶಕಗಳಿಂದ ಹಲವು ದಿಬ್ಬಗಳ ಬೂದಿಯನ್ನು ಹೊಲಕ್ಕೆ ಗೊಬ್ಬರವಾಗಿ ಗಾಡಿಯಲ್ಲಿ ತುಂಬಿಕೊಂಡು ಹೋಗಲಾಗಿದೆ. ಕಿಟ್ಟವನ್ನು ರಸ್ತೆಗೆ ಹಾಸಲಾಗಿದೆ. ನೀರಾವರಿ ಬಂದ ಕಡೆ ದಿಬ್ಬಗಳನ್ನು ಸಮತಟ್ಟು ಮಾಡಲಾಗಿದೆ. ಸಂಗನಕಲ್ಲಿನ ಗುಡ್ಡಗಳನ್ನು ಕಲ್ಲುಗಣಿಗಾರಿಕೆ ಕೊರೆದಿದೆ. ಹೊಲಕ್ಕೆ ಹೋದ ಬೂದಿಯಿಂದ ಫೈಟೋಲಿತ್‌ಗಳನ್ನು ಈಗಲೂ ಆರಿಸಿ ತೆಗೆಯಬಹುದು, ಅವು ಅಷ್ಟು ಗಟ್ಟಿ. ಯಾವುದು ಯಾವುದರ ಮೇಲಿತ್ತು ಎಂಬುದನ್ನು ಮಾತ್ರ ಅವುಗಳಿಂದ ಹೇಳಲಾಗದು. ಕುಡತಿನಿಯ ದಿಬ್ಬದಲ್ಲಿ ಅಗೆತದಿಂದ ತೆರೆದುಕೊಂಡ ಮಗ್ಗುಲನ್ನು ಇಳಿಬಿಸಿಲಿನಲ್ಲಿ ನೋಡಿದರೆ ಬಿಳಿಬೂದಿ, ಕಿಟ್ಟ, ಮತ್ತೆ ಬೂದಿ, ಮತ್ತೆ ಕಿಟ್ಟ ಎಂಬ ಆ ಸಾಲು ಬರಿಗಣ್ಣಿಗೇ ಕಾಣುತ್ತದೆ. ಆ ಪಟ್ಟಿಗಳು ಮರಳಿ ಮರಳಿ ಹಚ್ಚಿದ ಬೆಂಕಿಯ ಗುರುತುಗಳು.