ಸೀಟು ಹಿಡಿಯುವ ಮುನ್ನ ಚರಂಡಿ ನೋಡಿ ಬನ್ನಿ

ಸಿಇಟಿ ಫಲಿತಾಂಶ ಹೊರಬಿದ್ದ ವಾರದಿಂದ ಪರಿಸರ ಎಂಜಿನಿಯರ್ ಆಗಿರುವ ನನ್ನ ಕಾರವಾರದ ಕಚೇರಿಗೆ ಒಂದೇ ಬಗೆಯ ತಂದೆತಾಯಿಯರು ಬರತೊಡಗುತ್ತಾರೆ. ಮಗಳಿಗೆ ಪರಿಸರವೆಂದರೆ ಪ್ರಾಣ, ಅದಕ್ಕೇ ಪರಿಸರ ಎಂಜಿನಿಯರಿಂಗ್ ಓದಿಸೋಣ ಎಂದುಕೊಂಡಿದ್ದೇವೆ ಎನ್ನುತ್ತಾರೆ. ಗಣಿತ ಹೇಗಿದೆ ಎಂದು ಕೇಳಿದರೆ, ಅದು ಅಷ್ಟಕ್ಕಷ್ಟೇ, ಆದರೆ ಹಕ್ಕಿಗಳ ಹೆಸರೆಲ್ಲ ಬಾಯಿಪಾಠ ಎಂಬ ಉತ್ತರ.

ನಮ್ಮ ಜಿಲ್ಲೆಯಲ್ಲಿ ಈ ತಪ್ಪು ತಿಳಿವಳಿಕೆ ಹುಟ್ಟಿದ್ದಕ್ಕೆ ಯಾರನ್ನೂ ದೂರುವಂತಿಲ್ಲ. 1983ರಲ್ಲಿ ಶಿರಸಿ ಬಳಿಯ ಸಲ್ಕಣಿಯಲ್ಲಿ ಜನ ಮರಗಳನ್ನು ಅಪ್ಪಿ ನಿಂತರು. ಬೇಡ್ತಿ ಅಣೆಕಟ್ಟು, ಕೈಗಾ ಅಣುಸ್ಥಾವರ, ತದಡಿಯ ಉಷ್ಣ ವಿದ್ಯುತ್ ಯೋಜನೆ, ಒಂದೊಂದಕ್ಕೂ ಒಂದೊಂದು ಹೋರಾಟ ನಡೆಯಿತು. ಆ ಕಥೆ ಕೇಳಿ ಬೆಳೆದ ಮಕ್ಕಳಿಗೆ ಪರಿಸರ ಎಂದೊಡನೆ ಕಾಡು, ಹೊಳೆ, ಧರಣಿ ಕಣ್ಣ ಮುಂದೆ ಬರುತ್ತವೆ. ಆ ಪ್ರೀತಿಯ ಮೇಲೆ ನನಗೆ ಗೌರವವಿದೆ. ಆದರೆ ನಮ್ಮ ಪಠ್ಯದಲ್ಲಿ ಕಾಡಿಗೆ ಸಿಗುವ ಪುಟಗಳು ಕಡಿಮೆ, ಕೊಳಚೆ ನೀರಿಗೆ ಸಿಗುವ ಪುಟಗಳು ಹೆಚ್ಚು. ದ್ರವಬಲ ವಿಜ್ಞಾನ, ರಸಾಯನಶಾಸ್ತ್ರ, ಸೂಕ್ಷ್ಮಜೀವಿಗಳು, ನೀರು ಸರಬರಾಜು, ಒಳಚರಂಡಿ, ಘನತ್ಯಾಜ್ಯ, ಹೊಗೆ: ಓದಬೇಕಾದದ್ದು ಇವನ್ನು.

ಕಳೆದ ಬಾರಿ ಸಿದ್ದಾಪುರದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಮಗಳನ್ನು ಕರೆತಂದಿದ್ದರು. ಹುಡುಗಿ ಚುರುಕು, ಸೊಪ್ಪಿನ ಬೆಟ್ಟದ ಪ್ರತಿ ಮರವನ್ನೂ ಬಲ್ಲವಳು. ನಾನು ಕಾಗದದ ಮೇಲೆ ಎರಡು ಕೊಳವೆ ಬರೆದೆ. ಒಂದು ಹೋಟೆಲಿನದು: ದಿನಕ್ಕೆ 10 ಸಾವಿರ ಲೀಟರ್ ನೀರು, ಪ್ರತಿ ಲೀಟರಿನಲ್ಲಿ 400 ಮಿಲಿಗ್ರಾಂ ಬಿಒಡಿ, ಅಂದರೆ ಕೊಳೆಯ ಅಳತೆ. ಇನ್ನೊಂದು ಊರ ಚರಂಡಿಯದು: ದಿನಕ್ಕೆ 10 ಲಕ್ಷ ಲೀಟರ್, ಪ್ರತಿ ಲೀಟರಿಗೆ 40 ಮಿಲಿಗ್ರಾಂ. ‘ತಂಗೀ, ಹೊಳೆಗೆ ಹೆಚ್ಚು ಹೊರೆ ಯಾವುದರಿಂದ?’ ಎಂದೆ. ಅಪ್ಪ ಕೂಡಲೇ ಹೋಟೆಲಿನದರ ಮೇಲೆ ಬೆರಳಿಟ್ಟರು. ಹುಡುಗಿ ಪೆನ್ನು ಕೇಳಿದಳು.

ನಾನು ವರ್ಷವರ್ಷವೂ ಹೇಳಿ ಸೋಲುವುದು ಇದೊಂದನ್ನೇ. ಬಿಒಡಿ ಎಂದರೆ ನೀರಿನಲ್ಲಿರುವ ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕ. ಅದನ್ನು ಲೀಟರಿಗೆ ಇಷ್ಟು ಎಂದು ಅಳೆಯುತ್ತೇವೆ, ಆದರೆ ಹೊಳೆ ಅನುಭವಿಸುವುದು ದಿನಕ್ಕೆ ಎಷ್ಟು ಕಿಲೋ ಎಂಬುದನ್ನು. ಹೋಟೆಲಿನ ನೀರು ಕಪ್ಪಾಗಿದ್ದು ಮೂಗು ಮುಚ್ಚಿಸಿದರೂ ದಿನಕ್ಕೆ 4 ಕಿಲೋ. ತಿಳಿಯಾಗಿ ಕಾಣುವ ಚರಂಡಿಯದು 40 ಕಿಲೋ. ಹೋಟೆಲಿನವರು ಬಾವಿಯಿಂದ ಇನ್ನೂ 90 ಸಾವಿರ ಲೀಟರ್ ಒಳ್ಳೆಯ ನೀರೆತ್ತಿ ಬೆರೆಸಿದರೆ ಲೀಟರಿನ ಅಂಕಿ 400ರಿಂದ ಸುಮಾರು 40ಕ್ಕೆ ಇಳಿಯುತ್ತದೆ, ವರದಿ ಅಂದವಾಗುತ್ತದೆ. ಹೊಳೆಗೆ ಸೇರುವುದು ಅದೇ 4 ಕಿಲೋ. ನೀರು ಬೆರೆಸುವುದು ಶುದ್ಧೀಕರಣವಲ್ಲ. ಇದನ್ನು ಉದ್ಯಮಿಗಳಿಗೆ ಹೇಳಿದ್ದೇನೆ, ಪಂಚಾಯಿತಿ ಸದಸ್ಯರಿಗೆ ಹೇಳಿದ್ದೇನೆ, ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕುಳಿತೂ ಹೇಳಿದ್ದೇನೆ.

ಲೆಕ್ಕ ಅಲ್ಲಿಗೂ ಮುಗಿಯುವುದಿಲ್ಲ. ಕೊಳೆ ಬಿದ್ದ ಜಾಗದಲ್ಲೇ ಮೀನು ಸಾಯಬೇಕೆಂದು ಎಲ್ಲರೂ ಎಣಿಸುತ್ತಾರೆ. ಬ್ಯಾಕ್ಟೀರಿಯಾಗಳು ಆಮ್ಲಜನಕ ಕಬಳಿಸಲು ಸಮಯ ಬೇಕು, ಅಷ್ಟರಲ್ಲಿ ನೀರು ಮುಂದಕ್ಕೆ ಹರಿದಿರುತ್ತದೆ. ಆದ್ದರಿಂದ ಆಮ್ಲಜನಕ ತೀರ ಕಡಿಮೆಯಾಗುವುದು ಸಾಮಾನ್ಯವಾಗಿ ಎಷ್ಟೋ ಕೆಳಗೆ. ಅಮೆರಿಕದ ಓಹಿಯೊ ನದಿಯನ್ನು ಅಭ್ಯಸಿಸಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಈ ಇಳಿಕೆಯನ್ನು ಲೆಕ್ಕ ಹಾಕಲು 1925ರಲ್ಲಿ ಕೊಟ್ಟ ಸಮೀಕರಣವನ್ನು ಇಂದಿಗೂ ಪದವಿಯಲ್ಲಿ ಕಲಿಸುತ್ತಾರೆ. ನಮ್ಮ ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಗೆ ಅದನ್ನು ನೇರವಾಗಿ ಹಚ್ಚಬೇಡಿ. ಉಬ್ಬರದ ಹೊತ್ತಿಗೆ ಅಲ್ಲಿ ನೀರು ಹಿಂದಕ್ಕೂ ಹರಿಯುತ್ತದೆ.

ನಾಲ್ಕು ವರ್ಷದ ಓದು ಮುಗಿದ ಮೇಲಿನ ಕೆಲಸ ಹೇಗಿರುತ್ತದೆ? ಕರಾವಳಿಯ ವಸತಿಗೃಹವೊಂದರ ಮಾಲೀಕರು ಕೊಳಚೆ ಶುದ್ಧೀಕರಣ ಘಟಕ ನಾರುತ್ತಿದೆ ಎಂದು ಕರೆಸಿದರು. ಹೋಗಿ ನೋಡಿದರೆ ಗಾಳಿ ಊದುವ ಬ್ಲೋವರ್ ನಿಂತಿತ್ತು. ವಾರದ ನಡುವೆ ಪ್ರವಾಸಿಗರಿಲ್ಲ, ಕರೆಂಟ್ ಬಿಲ್ ಯಾಕೆ ಎಂದು ಬಂದ್ ಮಾಡಿಸಿದ್ದರು. ಕೊಟ್ಟಿಗೆಯ ಎಮ್ಮೆಗೆ ಶನಿವಾರ, ಭಾನುವಾರ ಮಾತ್ರ ಮೇವು ಹಾಕುತ್ತೀರಾ ಎಂದು ಕೇಳಬೇಕಾಯಿತು. ತೊಟ್ಟಿಯ ಕೆಸರಿನಲ್ಲಿ ಕೊಳೆ ತಿನ್ನುವ ಬ್ಯಾಕ್ಟೀರಿಯಾವೂ ಜೀವವೇ, ಅದಕ್ಕೂ ಉಸಿರು ಬೇಕು. ನನ್ನ ಜೊತೆ ತರಬೇತಿಗೆ ಬಂದಿದ್ದ ಹುಡುಗ ಅಳತೆಯ ಗಾಜಿನ ಜಾಡಿಯಲ್ಲಿ ಒಂದು ಲೀಟರ್ ಕೆಸರು ನೀರು ಹಿಡಿದು, ಅರ್ಧ ಗಂಟೆಯಲ್ಲಿ ಎಷ್ಟು ತಳ ಸೇರುತ್ತದೆ ಎಂದು ನೋಡುತ್ತ ಕುಳಿತ. ಅವನಿಗೆ ಹೇಸಿಗೆ ಆಗಲಿಲ್ಲ. ಬ್ಲೋವರ್ ಸರಿಯಾಗಿ ನಡೆದು ಕೆಸರು ಆರೋಗ್ಯಕ್ಕೆ ಮರಳಿದರೆ ಅದಕ್ಕೆ ಮಣ್ಣಿನ ವಾಸನೆ ಇರುತ್ತದೆ, ದುರ್ವಾಸನೆಯಲ್ಲ. ಆ ವಾಸನೆಯಿಂದ ಸಂತೋಷಪಡುವವರು ಈ ವೃತ್ತಿಯಲ್ಲಿ ಉಳಿಯುತ್ತಾರೆ.

ಮನೆಯ ಕೊಳಚೆ ನೀರನ್ನು ನೆಲಕ್ಕೆ ಬಿಡುವ ಇಂಗುಗುಂಡಿಯ ವಿಷಯಕ್ಕೆ ಇಳಿದರೆ ಅಂಕಣ ಸಾಲದು. ಚಿರೇಕಲ್ಲಿನ ನೆಲ, ಮಳೆಗಾಲದಲ್ಲಿ ಮೇಲೇರುವ ಅಂತರ್ಜಲ, ಪಕ್ಕದಲ್ಲೇ ಕುಡಿಯುವ ನೀರಿನ ತೆರೆದ ಬಾವಿ. ಕಲ್ಲಿನ ಬಿರುಕು ಎತ್ತ ಕಡೆ ಸಾಗಿದೆ ಎಂದು ನೋಡದೆ ಬರೀ ಮೊಳ ಹಾಕಿ ದೂರ ಅಳೆದರೆ ಈ ಜಿಲ್ಲೆಯಲ್ಲಿ ಬಾವಿ ಉಳಿಯುವ ಭರವಸೆ ಇಲ್ಲ.

ಪದವಿಯ ಬಗ್ಗೆ ಎರಡು ಎಚ್ಚರಿಕೆ. ಮೈಸೂರಿನ ಎಸ್‌ಜೆಸಿಇ ಕಾಲೇಜಿನಂತಹ ಕೆಲವೇ ಕಡೆ ಪರಿಸರ ಎಂಜಿನಿಯರಿಂಗ್‌ನಲ್ಲಿ ನೇರವಾಗಿ ಬಿಇ ಕಲಿಸುತ್ತ ಬಂದಿದ್ದಾರೆ; ಆಯಾ ವರ್ಷದ ಸೀಟು ಪಟ್ಟಿ ನೋಡಿಯೇ ಮುಂದುವರಿಯಿರಿ. ಈ ವೃತ್ತಿಯಲ್ಲಿರುವ ಬಹಳ ಮಂದಿ ಸಿವಿಲ್ ಓದಿ, ಆಮೇಲೆ ಎಂ.ಟೆಕ್.ನಲ್ಲಿ ಪರಿಸರ ಹಿಡಿದವರು. 2021ರಿಂದ ಎಂ.ಟೆಕ್. ಪ್ರವೇಶದ ಗೇಟ್ ಪರೀಕ್ಷೆಯಲ್ಲಿ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್‌ಗೆ ಪ್ರತ್ಯೇಕ ಪತ್ರಿಕೆಯೂ ಇದೆ. ಸರ್ಕಾರಿ ನೌಕರಿಯ ಆಸೆ ಇದ್ದವರು ಹಳೆಯ ನೇಮಕಾತಿ ಅಧಿಸೂಚನೆಗಳ ವಿದ್ಯಾರ್ಹತೆಯ ಸಾಲನ್ನು ಓದಿ. ಸಿವಿಲ್ ಎಂದಷ್ಟೇ ಕೇಳಿದ ಹುದ್ದೆಗೆ ನಿಮ್ಮ ಪದವಿಯೂ ಸಮಾನ ಎಂದು ವಾದಿಸುತ್ತ ಅಲೆಯುವುದು ಬೇಸರದ ಕೆಲಸ. ಎಲ್ಲರಿಗೂ ಸಿವಿಲ್ಲೇ ಸರಿ ಎಂದು ನಾನು ಹೇಳಲಾರೆ. ಮನೆಯ ಆರ್ಥಿಕ ಸ್ಥಿತಿ, ಎಂ.ಟೆಕ್. ಮಾಡುವಷ್ಟು ತಾಳ್ಮೆ, ಎರಡನ್ನೂ ತೂಗಿ ನೋಡಬೇಕು.

ನಿಜವಾಗಿ ಕಾಡೇ ಬೇಕೆಂಬ ಮಕ್ಕಳಿಗೆ ದೂರ ಹೋಗುವ ಅಗತ್ಯವೂ ಇಲ್ಲ. ಶಿರಸಿಯಲ್ಲೇ ಅರಣ್ಯ ಮಹಾವಿದ್ಯಾಲಯವಿದೆ. ಸಮುದ್ರದ ಜೀವಿಗಳ ಹುಚ್ಚಿದ್ದರೆ ಬಿ.ಎಸ್ಸಿ. ಮುಗಿಸಿ ಬರಲು ಇಲ್ಲೇ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗವಿದೆ. ಮಂಗಟ್ಟೆ ಹಕ್ಕಿಯ ಗೂಡು ಹುಡುಕಿ ದಾಂಡೇಲಿಗೆ ಓಡುವ ಹುಡುಗನನ್ನು ಕೊಳವೆಯ ಇಳಿಜಾರು ಲೆಕ್ಕ ಹಾಕಲು ಕೂರಿಸಿದರೆ, ಹಕ್ಕಿಗೂ ಲಾಭವಿಲ್ಲ, ಕೊಳವೆಗೂ ಇಲ್ಲ.

ಪೆನ್ನು ಕೇಳಿದ ಆ ಹುಡುಗಿಗೆ ಮಾತ್ರ ಧೈರ್ಯವಾಗಿ ಓದು ಎಂದೆ. ಅವಳ ಅಪ್ಪನಿಗೆ ಹೇಳಿದ ಮಾತನ್ನು ನಿಮಗೂ ಹೇಳುತ್ತೇನೆ. ಕಾಲೇಜು ನೋಡಲು ಹೋದಾಗ ಕಟ್ಟಡ, ಕ್ಯಾಂಟೀನ್ ನೋಡಿ ಮರುಳಾಗಬೇಡಿ. ಪ್ರಯೋಗಾಲಯದಲ್ಲಿ ಬಿಒಡಿ ಬಾಟಲಿಗಳು ಒದ್ದೆಯಾಗಿವೆಯೋ, ಧೂಳು ಹಿಡಿದಿವೆಯೋ ನೋಡಿ. ಆಮೇಲೆ ವಿಭಾಗದ ಮೇಷ್ಟರೊಬ್ಬರನ್ನು, ನಿಮ್ಮ ಹಾಸ್ಟೆಲಿನ ಕೊಳಚೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳಿ. ಅವರು ಎದ್ದು ನಿಂತು ನಿಮ್ಮನ್ನು ಘಟಕದ ತನಕ ಕರೆದುಕೊಂಡು ಹೋದರೆ, ಆಯ್ಕೆ ಪಟ್ಟಿಯಲ್ಲಿ ಆ ಕಾಲೇಜನ್ನು ಮೇಲಕ್ಕೆ ತನ್ನಿ.