ಫೋರಂ ಮಾಲ್ ನೆಕ್ಸಸ್ ಆದದ್ದು ನಷ್ಟದಿಂದಲೇ?

ಪ್ರಶ್ನೆ: ಕೋರಮಂಗಲದ ಫೋರಂ ಮಾಲ್ ಈಗ ನೆಕ್ಸಸ್ ಆಗಿದೆ. ಒಳಗಿನ ಹಳೆಯ ಮಳಿಗೆಗಳೂ ಎಷ್ಟೋ ಇಲ್ಲ. ನಷ್ಟದಲ್ಲಿತ್ತೆಂದು ಮಾರಿಬಿಟ್ಟರಂತೆ, ನಿಜವೇ?

ಉತ್ತರ: ನಿಜವಲ್ಲ. ಇದನ್ನು ಎಷ್ಟು ಸಲ ಬರೆದಿದ್ದೇನೋ ನನಗೇ ಲೆಕ್ಕ ತಪ್ಪಿದೆ. ಹೋದ ವಾರ ನನ್ನ ಚಿಕ್ಕಮ್ಮನೂ ಫೋನ್ ಮಾಡಿ, “ಫೋರಂ ದಿವಾಳಿ ಆಯಿತಂತಲ್ಲಪ್ಪ?” ಎಂದು ಕೇಳಿದರು. ಆದ್ದರಿಂದ ಈ ಸಲ ಬುಡದಿಂದಲೇ ಬಿಡಿಸಿ ಹೇಳುತ್ತೇನೆ.

ನಡೆದದ್ದು ಇಷ್ಟು. 2004ರಲ್ಲಿ ಹೊಸೂರು ರಸ್ತೆಯಲ್ಲಿ ತೆರೆದ ಫೋರಂ ಮಾಲ್ ಪ್ರೆಸ್ಟೀಜ್ ಸಮೂಹ ಕಟ್ಟಿಸಿದ್ದು. 2021ರಲ್ಲಿ ಆ ಸಮೂಹ ತನ್ನ ಹಲವು ಕಚೇರಿ ಕಟ್ಟಡ ಮತ್ತು ಮಾಲ್‌ಗಳನ್ನು ಅಮೆರಿಕದ ಹೂಡಿಕೆ ಸಂಸ್ಥೆ ಬ್ಲ್ಯಾಕ್‌ಸ್ಟೋನ್‌ಗೆ ಮಾರಿತು. ಬ್ಲ್ಯಾಕ್‌ಸ್ಟೋನ್‌ನವರ ಮಾಲ್‌ಗಳನ್ನು ಆಗ ನೋಡಿಕೊಳ್ಳುತ್ತಿದ್ದ ಸಂಸ್ಥೆ ನೆಕ್ಸಸ್. 2022ರಲ್ಲಿ ಫಲಕಗಳು ಬದಲಾದವು. ಮೈಸೂರಿನ ಸೆಂಟರ್ ಸಿಟಿ, ಮಂಗಳೂರಿನ ಫಿಜಾ ಮಾಲ್‌ಗಳ ಹೆಸರಿನಿಂದಲೂ ‘ಫೋರಂ’ ಹೋಗಿ ‘ನೆಕ್ಸಸ್’ ಬಂತು.

ಈಗ ಆ ‘ನಷ್ಟ’ದ ಮಾತಿಗೆ ಬರೋಣ. ಮನೆ ಮಾರುವವರು ಗೇಟಿನ ಮೇಲೆ ಅಜ್ಜಿಯ ಹೆಸರಿನಲ್ಲಿ ಬರೆಸಿದ್ದ ಫಲಕವನ್ನು ಬಿಚ್ಚಿಕೊಂಡು ಹೊಸ ಮನೆಗೆ ಒಯ್ಯುವುದಿಲ್ಲವೇ? ಇಲ್ಲಿಯೂ ಹಾಗೆಯೇ ಆಯಿತು. ಮಾರಿದ್ದು ಕಟ್ಟಡವನ್ನು, ಫೋರಂ ಎಂಬ ಹೆಸರನ್ನು ಪ್ರೆಸ್ಟೀಜ್ ತನ್ನ ಬಳಿಯೇ ಇಟ್ಟುಕೊಂಡಿತು. ಬ್ರಿಗೇಡ್ ರಸ್ತೆಯಲ್ಲಿ ರೆಕ್ಸ್ ಚಿತ್ರಮಂದಿರವಿದ್ದ ಜಾಗದಲ್ಲಿ ಎದ್ದಿರುವ ಫೋರಂ ರೆಕ್ಸ್ ವಾಕ್, ಕನಕಪುರ ರಸ್ತೆಯ ಫೋರಂ ಎರಡೂ ಅದೇ ಹೆಸರಿನವು. ಸೋತು ಕೆಟ್ಟ ಹೆಸರಾಗಿದ್ದರೆ ಹೊಸ ಕಟ್ಟಡಕ್ಕೆ ಅದನ್ನು ಯಾರು ಇಡುತ್ತಿದ್ದರು?

“ಸಾಲವಿತ್ತೆಂದು ಪತ್ರಿಕೆಯಲ್ಲೇ ಬಂದಿತ್ತಲ್ಲ” ಎನ್ನುವವರಿದ್ದಾರೆ. ಹೌದು, ಸಾಲ ಇಳಿಸಿಕೊಳ್ಳುವುದು ಆ ಮಾರಾಟದ ಒಂದು ಉದ್ದೇಶ. ಆದರೆ ಸಾಲ ಬೇರೆ, ನಷ್ಟ ಬೇರೆ. ಸಾಲ ತೀರಿಸಬೇಕಾದ ರೈತ ಸಂತೆಗೆ ಹೊಡೆದುಕೊಂಡು ಹೋಗುವುದು ಹಾಲು ಕೊಡುವ ಹಸುವನ್ನು; ಗೊಡ್ಡು ಹಸುವಿಗೆ ಬೆಲೆ ಕಟ್ಟುವವರಿಲ್ಲ. ಬಾಡಿಗೆ ಕಟ್ಟಡದ ಬೆಲೆ ನಿಲ್ಲುವುದೇ ಅದರಿಂದ ಬರುವ ಬಾಡಿಗೆಯ ಮೇಲೆ. ಕೊಂಡವರು ಅದನ್ನು ನೋಡಿಯೇ ಕೊಂಡರು.

ಮುಚ್ಚಿದ ಮಳಿಗೆಗಳೂ ನಷ್ಟದ ಗುರುತಲ್ಲ. ಮಾಲ್‌ನ ಅಂಗಡಿಯವರು ಸಾಮಾನ್ಯವಾಗಿ ಗೊತ್ತುಪಡಿಸಿದ ಕನಿಷ್ಠ ಬಾಡಿಗೆಯನ್ನೋ ವ್ಯಾಪಾರದಲ್ಲಿ ಇಂತಿಷ್ಟು ಪಾಲನ್ನೋ, ಯಾವುದು ಹೆಚ್ಚೋ ಅದನ್ನು ಕಟ್ಟುತ್ತಾರೆ. ಕರಾರು ಮುಗಿದಾಗ ಹೆಚ್ಚು ವ್ಯಾಪಾರ ಮಾಡುವವರನ್ನು ತರಲು ಮಾಲೀಕರು ನೋಡುತ್ತಾರೆ. ಹದಿನೈದಿಪ್ಪತ್ತು ವರ್ಷವಾದ ಮೇಲೆ ಲಿಫ್ಟು, ಎಸ್ಕಲೇಟರು, ಹವಾನಿಯಂತ್ರಣದ ಯಂತ್ರಗಳನ್ನೂ ಬದಲಿಸಬೇಕಾಗುತ್ತದೆ. ಮಾಲ್ ಮುಚ್ಚುವಂತಿಲ್ಲವಾದ್ದರಿಂದ ಇದೆಲ್ಲ ನಡೆಯುವುದು ರಾತ್ರಿ. ಇನ್ನೊಂದು ಹಳೆಯ ಮಾಲ್‌ನಲ್ಲಿ ಕೊನೆಯ ಆಟ ಮುಗಿಸಿ ಇಳಿಯುವಾಗ ಇದನ್ನು ಕಣ್ಣಾರೆ ಕಂಡೆ: ನೆಲಕ್ಕೆ ಪ್ಲೈವುಡ್ ಹಾಸಿ, ಇಬ್ಬರು ಹುಡುಗರು ಗ್ರಾನೈಟ್ ಕಲ್ಲು ತುಂಬಿದ ಗಾಡಿಯನ್ನು ಉಸಿರು ಬಿಗಿಹಿಡಿದು ತಳ್ಳುತ್ತಿದ್ದರು, ಹಿಂದೆ ಒಬ್ಬಾಕೆ ಒದ್ದೆ ಬಟ್ಟೆಯಲ್ಲಿ ಚಕ್ರದ ಗುರುತು ಒರೆಸುತ್ತಾ ಬರುತ್ತಿದ್ದರು. ಬೆಳಿಗ್ಗೆ ಬರುವವರಿಗೆ ಕಾಣುವುದು “ಶೀಘ್ರದಲ್ಲೇ” ಎಂಬ ಬಣ್ಣದ ಹಲಗೆ ಮಾತ್ರ.

ಹಾಗಾದರೆ ನಿಜವಾಗಿ ಹಾಳು ಬಿದ್ದ ಮಾಲ್‌ಗಳಿಗೆ ಏನಾಯಿತು? ಇದನ್ನು ಯಾರೂ ಕೇಳಿಲ್ಲ, ಕೇಳಬೇಕಿತ್ತು. ಅವುಗಳಲ್ಲಿ ಹಲವನ್ನು ಕಟ್ಟುವಾಗಲೇ ಮಳಿಗೆ ಮಳಿಗೆಯಾಗಿ ಬೇರೆ ಬೇರೆಯವರಿಗೆ ಮಾರಿದ್ದರು. ನೂರು ಮಳಿಗೆಗೆ ನೂರು ಮಾಲೀಕರು. ಬಟ್ಟೆ ಅಂಗಡಿಯ ಪಕ್ಕ ಒಬ್ಬರು ಗೋದಾಮು ಮಾಡುತ್ತಾರೆ, ಇನ್ನೊಬ್ಬರು ಬೀಗ ಹಾಕಿ ದುಬೈಗೆ ಹೋಗುತ್ತಾರೆ. ಎಸ್ಕಲೇಟರ್ ಕೆಟ್ಟರೆ ದುಡ್ಡು ಹಾಕುವವರಿಲ್ಲ. ಅಂಥ ಕಟ್ಟಡವನ್ನು ನವೀಕರಿಸಲು ಒಮ್ಮತವಾಗುವುದೇ ಕಷ್ಟ. ಬಹುಪಾಲು ಒಂದೇ ಕೈಯಲ್ಲಿದ್ದುದರಿಂದಲೇ ಫೋರಂನಂಥವು ಇಷ್ಟು ಸುಲಭವಾಗಿ ಕೈ ಬದಲಿಸಿ ಹೊಸ ಹೆಸರು ಹೊತ್ತವು.

ನಿವೃತ್ತಿಯ ಹಣವನ್ನು ಮಾಲ್‌ನ ಒಂದು ಮಳಿಗೆಯ ಮೇಲೆ ಹಾಕುವ ಹಂಬಲ ನಮ್ಮಲ್ಲಿ ಅನೇಕರಿಗಿದೆ. ಇಡೀ ಮಾಲ್‌ನಲ್ಲಿ ಸಣ್ಣ ಪಾಲು ಪಡೆಯುವ ದಾರಿಯೂ ಈಗ ಇದೆ: ನೆಕ್ಸಸ್ ಮಾಲ್‌ಗಳ ಟ್ರಸ್ಟ್ 2023ರ ಮೇ ತಿಂಗಳಲ್ಲಿ ಷೇರುಪೇಟೆಗೆ ಬಂತು, ಮಾಲ್‌ಗಳದ್ದೇ ಆದ ದೇಶದ ಮೊದಲ ರೀಟ್ (ಹಲವರ ಹಣ ಕೂಡಿಸಿ ಬಾಡಿಗೆ ಕಟ್ಟಡಗಳನ್ನು ಹೊಂದಿರುವ ಟ್ರಸ್ಟ್) ಅದು. ಹಂಚಬಹುದಾದ ನಗದಿನಲ್ಲಿ ಕನಿಷ್ಠ ಶೇ 90ರಷ್ಟನ್ನು ರೀಟ್‌ಗಳು ಹೂಡಿಕೆದಾರರಿಗೆ ಹಂಚಲೇಬೇಕೆಂಬ ನಿಯಮವಿದೆ. ಆದರೆ ಯೂನಿಟ್ಟಿನ, ಅಂದರೆ ನೀವು ಕೊಂಡ ಆ ಪಾಲಿನ, ಬೆಲೆ ಏರಿಳಿಯುತ್ತದೆ. ಮಳಿಗೆಯೇ ಬೇಕೆಂದರೆ, ಮಾರಲು ಬಂದವರನ್ನು ಮೊದಲು ಕೇಳಿ: ಪಕ್ಕದ ಮಳಿಗೆಗೆ ಯಾರು ಬರಬೇಕೆಂದು ತೀರ್ಮಾನಿಸುವವರು ಯಾರು? “ಅದು ಅದರ ಮಾಲೀಕರಿಗೆ ಬಿಟ್ಟದ್ದು” ಎಂದರೆ, ಮುಂಗಡ ಕೊಡದೆ ಎದ್ದು ಬನ್ನಿ.