ಆರೆಂಜ್: ಹಣ್ಣು ಮೊದಲೋ, ಬಣ್ಣ ಮೊದಲೋ?

ಪ್ರಶ್ನೆ: ಇಂಗ್ಲಿಷಿನಲ್ಲಿ ಹಣ್ಣಿಗೂ ಆರೆಂಜ್, ಬಣ್ಣಕ್ಕೂ ಆರೆಂಜ್. ಯಾವುದರಿಂದ ಯಾವುದಕ್ಕೆ ಹೆಸರು ಬಂತು?

ಹಣ್ಣೇ ಮೊದಲು. ಹಣ್ಣಿನ ಹೆಸರಾಗಿ ಈ ಪದ ಇಂಗ್ಲಿಷಿಗೆ ಬಂದದ್ದು 14ನೇ ಶತಮಾನದ ಹೊತ್ತಿಗೆ. ಅದು ಬಣ್ಣದ ಹೆಸರಾದದ್ದು 16ನೇ ಶತಮಾನದಲ್ಲಿ. ಅದಕ್ಕೂ ಮುಂಚೆ ಇಂಗ್ಲಿಷರು ಆ ಬಣ್ಣವನ್ನು ಕೆಂಪಿನಲ್ಲೇ ಸೇರಿಸುತ್ತಿದ್ದರು, ಇಲ್ಲವೇ 'ಹಳದಿಗೆಂಪು' ಎನ್ನುತ್ತಿದ್ದರು. ರಾಬಿನ್ ಹಕ್ಕಿಯ ಎದೆ ನೋಡಿ, ಅಪ್ಪಟ ಕಿತ್ತಳೆ ಬಣ್ಣ. ಆದರೂ ಅದರ ಹಳೇ ಹೆಸರು ರೆಡ್‌ಬ್ರೆಸ್ಟ್! ನಮ್ಮಲ್ಲೂ ಹೀಗೇ ಅಲ್ವಾ? ಕಿತ್ತಳೆ ಬಣ್ಣ, ನೇರಳೆ ಬಣ್ಣ ಎರಡೂ ಹಣ್ಣಿನಿಂದಲೇ ಬಂದವು.

ನನಗೆ ಇದಕ್ಕಿಂತ ಜಾಸ್ತಿ ಖುಷಿ ಕೊಡುವುದು ಈ ಪದ ಹೊರಟ ಊರು. ಅದು ನಮ್ಮ ದಕ್ಷಿಣದ ಕಡೆಯದು. ಬಹಳಷ್ಟು ಭಾಷಾತಜ್ಞರು ಇದರ ಬೇರು ದ್ರಾವಿಡ ಎನ್ನುತ್ತಾರೆ. ಮಲಯಾಳಿಗಳು ಇಂದಿಗೂ ನಿಂಬೆಹಣ್ಣಿಗೆ 'ನಾರಙ್ಙ' ಅನ್ನುತ್ತಾರೆ. ಹಳೆಯ ತಮಿಳಿನಲ್ಲಿ 'ನಾರು' ಎಂದರೆ ಕಂಪು ಬೀರು ಎಂದೂ ಅರ್ಥ. ಆ ಪದದ ಜೊತೆ ಇದಕ್ಕೆ ನಂಟು ಕಟ್ಟುವವರೂ ಇದ್ದಾರೆ. ಇಲ್ಲಿಂದ ಸಂಸ್ಕೃತಕ್ಕೆ ಹೋಗಿ 'ನಾರಂಗ' ಆಯಿತು. ಪರ್ಷಿಯನ್ನರ ಬಾಯಲ್ಲಿ 'ನಾರಂಗ್', ಅರಬ್ಬರ ಬಾಯಲ್ಲಿ 'ನಾರಂಜ್'. ಅರಬ್ಬರ ಜೊತೆ ಸ್ಪೇನ್ ತಲುಪಿ 'ನರಾಂಹಾ' ಆಯಿತು.

ಹಾಗಾದರೆ ಮೊದಲಿನ 'ನ' ಎಲ್ಲಿ ಹೋಯಿತು? ಇಟಲಿ, ಫ್ರಾನ್ಸಿನಲ್ಲೇ ಬಿದ್ದುಹೋಯಿತು. ಫ್ರೆಂಚಿನಲ್ಲಿ 'ಒಂದು' ಅನ್ನಲು ಹೆಸರಿನ ಮುಂದೆ 'ಯೂನ್' ಸೇರಿಸುತ್ತಾರೆ. ಮಾತಿನ ಓಟದಲ್ಲಿ ಎರಡು ನಕಾರ ಒತ್ತೊತ್ತಾಗಿ ಬಂದರೆ, ಒಂದು ಯಾವ ಪದದ್ದು ಅಂತ ಕೇಳುವವರಿಗೆ ಗೊತ್ತಾಗುವುದಿಲ್ಲ. ಇಂಗ್ಲಿಷಿನವರೇ 'ಎ ನಾರೆಂಜ್' ಅನ್ನುತ್ತಾ ಅನ್ನುತ್ತಾ 'ಆನ್ ಆರೆಂಜ್' ಮಾಡಿದರು ಎಂದು ಹಲವರು ಬರೆಯುತ್ತಾರೆ. ಅದು ತಪ್ಪು. ಇಂಗ್ಲಿಷಿಗೆ ಬರುವಷ್ಟರಲ್ಲಿ ಆ 'ನ' ಇರಲೇ ಇಲ್ಲ. ಇಂಗ್ಲಿಷಿನವರು ಹಾಗೆ ಮಾಡಿದ್ದು ಏಪ್ರನ್ ಪದಕ್ಕೆ. ಅದು ಮೊದಲು 'ನೇಪ್ರನ್' ಆಗಿತ್ತು.

ಮೊದಲು ಯುರೋಪಿಗೆ ಹೋದದ್ದು ಕಹಿ ಕಿತ್ತಳೆ. ಸಿಹಿ ಕಿತ್ತಳೆಯನ್ನು ಆಮೇಲೆ ಎಲ್ಲ ಕಡೆ ಹರಡಿದವರಲ್ಲಿ ಪೋರ್ಚುಗೀಸರು ಮುಖ್ಯರು. ಹಾಗಾಗಿ ಅರಬ್ಬಿಯಲ್ಲಿ 'ನಾರಂಜ್' ಕಹಿ ಹಣ್ಣಿಗೇ ಉಳಿಯಿತು. ಸಿಹಿ ಹಣ್ಣಿಗೆ ಅಲ್ಲಿ ಈಗ 'ಬುರ್ತುಕಾಲ್' ಅನ್ನುತ್ತಾರೆ. ಅಂದರೆ ಪೋರ್ಚುಗಲ್!